ಝೋನಿಂಗ್ ಇದ್ರೂ ಪೋರ್ಟ್ ಸೆಕ್ಯೂರಿಟಿ ಬೇಕಾ? ಸ್ಯಾನ್ (ಸ್ಟೋರೇಜ್ ನೆಟ್‌ವರ್ಕ್) ಸ್ವಿಚ್ ಬಗ್ಗೆ ಒಂದು ಉದ್ದ ಉತ್ತರ

ಪ್ರಶ್ನೆ: ನಮ್ಮಲ್ಲಿ ಎರಡು ಡೇಟಾಸೆಂಟರ್ ಇದೆ, ಒಂದರಲ್ಲಿ ಬ್ರೊಕೇಡ್ ಫೈಬರ್ ಚಾನೆಲ್ (ಸರ್ವರನ್ನ ಸ್ಟೋರೇಜ್‌ಗೆ ಜೋಡಿಸೋ ನೆಟ್‌ವರ್ಕ್) ಸ್ವಿಚ್, ಇನ್ನೊಂದರಲ್ಲಿ ಸಿಸ್ಕೋ ಎಂಡಿಎಸ್. ಎರಡು ಕಡೆನೂ ಎ ಮತ್ತು ಬಿ ಅಂತ ಎರಡೆರಡು ಫ್ಯಾಬ್ರಿಕ್, ಅಂದ್ರೆ ಒಂದಕ್ಕೊಂದು ಸೇರದ ಸ್ವಿಚ್ ಜಾಲ. ಝೋನಿಂಗ್ (ಯಾವ ಸರ್ವರ್‌ಗೆ ಯಾವ ಸ್ಟೋರೇಜ್ ಕಾಣಬೇಕು ಅನ್ನೋ ವಿಂಗಡಣೆ) ಪೂರ್ತಿ ಡಬ್ಲ್ಯೂಡಬ್ಲ್ಯೂಎನ್ (ಡಿವೈಸ್‌ನ ಹೆಸರು) ಮೇಲೆ ಮಾಡಿದೀವಿ. ಆಡಿಟ್‌ನವರು ಪೋರ್ಟ್ ಸೆಕ್ಯೂರಿಟಿ (ಯಾವ ಪೋರ್ಟಿಗೆ ಯಾರು ಬರಬಹುದು ಅನ್ನೋ ಬಂಧನ) ಆನ್ ಇಲ್ಲ, ಎಲ್ರೂ ಒಂದೇ ಅಡ್ಮಿನ್ ಅಕೌಂಟ್ ಬಳಸ್ತಿದ್ದೀರ ಅಂತ ರಿಪೋರ್ಟಲ್ಲಿ ಬರೆದಿದಾರೆ. ಹಿಂದೆ ಒಂದ್ಸಲ ಪೋರ್ಟ್ ಸೆಕ್ಯೂರಿಟಿ ಆನ್ ಮಾಡಿದ್ರಂತೆ, ಆಮೇಲೆ ಒಂದು ಎಚ್‌ಬಿಎ (ಸರ್ವರ್‌ನ ಫೈಬರ್ ಚಾನೆಲ್ ಕಾರ್ಡ್) ಬದಲಾಯಿಸಿದ ರಾತ್ರಿ ಸರ್ವರ್‌ಗೆ ಡಿಸ್ಕೇ ಕಾಣದೆ ಒದ್ದಾಡಿ, ಕೊನೆಗೆ ಎಲ್ಲಾ ಆಫ್ ಮಾಡಿಬಿಟ್ರಂತೆ. ಝೋನಿಂಗ್ ಸಾಕಾಗಲ್ವಾ? ಬೇಕೇ ಬೇಕು ಅಂದ್ರೆ ಪ್ರೊಡಕ್ಷನ್ ಬೀಳದ ಹಾಗೆ ಯಾವ ಕ್ರಮದಲ್ಲಿ ಮಾಡೋದು?

ಉತ್ತರ: ಸಾಕಾಗಲ್ಲ. ಯಾಕೆ ಸಾಕಾಗಲ್ಲ ಅಂತ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಅದು ಗೊತ್ತಾಗದೆ ಬರೀ ಆಡಿಟ್‌ಗೋಸ್ಕರ ಆನ್ ಮಾಡಿದ ಸೆಟ್ಟಿಂಗ್ ಮೊದಲನೇ ತೊಂದರೆಗೇ ಆಫ್ ಆಗತ್ತೆ, ನಿಮ್ಮಲ್ಲಿ ಆಗಿರೋದೂ ಅದೇ.

ಒಂದು ಸರ್ವರ್ ಕೇಬಲ್ ಚುಚ್ಚಿದ ತಕ್ಷಣ ಏನಾಗತ್ತೆ ನೋಡಿ. ಅದರ ಎಚ್‌ಬಿಎ ಮೊದಲು ಸ್ವಿಚ್ಚಿಗೆ ಫ್ಯಾಬ್ರಿಕ್ ಲಾಗಿನ್ ಕಳಿಸತ್ತೆ, ಅಂದ್ರೆ ಫ್ಲೋಗಿ. ಸ್ವಿಚ್ ಅದಕ್ಕೆ 24 ಬಿಟ್‌ನ ಒಂದು ಅಡ್ರೆಸ್ ಕೊಡತ್ತೆ, ಆಮೇಲೆ ಆ ಡಿವೈಸ್ ನೇಮ್ ಸರ್ವರಲ್ಲಿ ತನ್ನ ಹೆಸರು ದಾಖಲು ಮಾಡ್ಕೊಂಡು, ನನಗೆ ಯಾವ ಯಾವ ಸ್ಟೋರೇಜ್ ಕಾಣತ್ತೆ ಅಂತ ಕೇಳತ್ತೆ. ಝೋನಿಂಗ್ ಕೆಲಸ ಶುರುವಾಗೋದು ಇಲ್ಲಿಂದ. ಝೋನಲ್ಲಿ ಇರೋ ಟಾರ್ಗೆಟ್ ಮಾತ್ರ ತೋರಿಸತ್ತೆ, ಝೋನ್ ಇಲ್ಲದ ಫ್ರೇಮ್ ಬಂದ್ರೆ ಹಾರ್ಡ್‌ವೇರಲ್ಲೇ ಬಿಸಾಕತ್ತೆ. ಆದ್ರೆ ಅಷ್ಟೊತ್ತಿಗೆ ಆ ಡಿವೈಸ್ ಒಳಗೆ ಬಂದು ಕೂತಾಗಿದೆ. ಮನೆಗೆ ಹೋಲಿಸಿದ್ರೆ ಒಳಗಿನ ರೂಮ್‌ಗಳಿಗೆಲ್ಲ ಬೀಗ ಇದೆ, ಬೀದಿ ಬಾಗಿಲು ಮಾತ್ರ ತೆಗೆದೇ ಇದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಡಬ್ಲ್ಯೂಡಬ್ಲ್ಯೂಎನ್ ಅನ್ನೋದು 64 ಬಿಟ್‌ನ ಒಂದು ಹೆಸರು, 16 ಹೆಕ್ಸ್ ಅಂಕಿ, ಆ ಹೆಸರನ್ನ ಹೇಳೋದು ಡಿವೈಸೇ. ಅದು ನಿಜಾನಾ ಅಂತ ಸ್ವಿಚ್ ಪರೀಕ್ಷೆ ಮಾಡಲ್ಲ. ಬ್ಲೇಡ್ ಸರ್ವರ್‌ಗಳಲ್ಲಿ ಪ್ರೊಫೈಲಿಂದ ಡಬ್ಲ್ಯೂಡಬ್ಲ್ಯೂಎನ್ ಕೊಡೋದು, ಎನ್‌ಪಿಐವಿ ಮೂಲಕ ಒಂದೇ ಪೋರ್ಟ್ ಮೇಲೆ ವರ್ಚುವಲ್ ಮಶೀನ್‌ಗಳಿಗೆ ಬೇರೆ ಬೇರೆ ಹೆಸರು ಕೊಡೋದು, ಇವೆಲ್ಲ ದಿನಾ ನಡೆಯೋ ಕೆಲಸ, ಅಂದ್ರೆ ಸಾಫ್ಟ್‌ವೇರಿಂದ ಹೆಸರು ಬದಲಾಯಿಸೋಕೆ ಆಗತ್ತೆ ಅಂತಾಯ್ತಲ್ಲ. ಯಾರೋ ನಿಮ್ಮ ಡೇಟಾಬೇಸ್ ಸರ್ವರ್‌ನ ಡಬ್ಲ್ಯೂಡಬ್ಲ್ಯೂಪಿಎನ್ (ಪೋರ್ಟಿನ ಡಬ್ಲ್ಯೂಡಬ್ಲ್ಯೂಎನ್) ಹಾಕ್ಕೊಂಡು ಬೇರೆ ಒಂದು ಖಾಲಿ ಪೋರ್ಟಿಂದ, ಅಸಲಿ ಸರ್ವರ್ ಮೆಂಟೆನೆನ್ಸ್‌ಗೆ ಕೆಳಗೆ ಹೋಗಿರೋ ಹೊತ್ತಲ್ಲಿ ಲಾಗಿನ್ ಆದ್ರೆ ಝೋನ್ ಒಪ್ಕೊಳ್ಳತ್ತೆ. ಅರೇಯಲ್ಲಿರೋ (ಸ್ಟೋರೇಜ್ ಪೆಟ್ಟಿಗೆಯಲ್ಲಿರೋ) ಲನ್ ಮಾಸ್ಕಿಂಗ್, ಅಂದ್ರೆ ಯಾವ ಡಿಸ್ಕ್ ಯಾರಿಗೆ ಕಾಣಬೇಕು ಅನ್ನೋ ಪಟ್ಟಿ, ತಡೆಯತ್ತೆ ಅಂತೀರಾ? ಅದೂ ಇದೇ ಹೆಸರನ್ನೇ ನಂಬತ್ತೆ. ತುಂಬಾ ಜನ ಝೋನಿಂಗ್ ಒಂದು ಪದರ, ಲನ್ ಮಾಸ್ಕಿಂಗ್ ಇನ್ನೊಂದು ಪದರ ಅಂತ ಲೆಕ್ಕ ಹಾಕ್ತಾರೆ, ತಪ್ಪು ಕಾನ್ಫಿಗರೇಷನ್ ವಿಷಯಕ್ಕೆ ಆ ಲೆಕ್ಕ ಸರಿ, ಹೆಸರು ಕದ್ದವರ ಮುಂದೆ ಮಾತ್ರ ಎರಡೂ ಒಟ್ಟಿಗೇ ಸೋಲತ್ತೆ.

ಪೋರ್ಟ್ ಸೆಕ್ಯೂರಿಟಿ ಇಲ್ಲಿ ಸೇರಿಸೋದು ಜಾಗವನ್ನ. ಈ ಹೆಸರಿನವರು ಈ ಪೋರ್ಟಲ್ಲಿ ಮಾತ್ರ ಬರಬೇಕು, ಈ ಪೋರ್ಟಲ್ಲಿ ಈ ಹೆಸರು ಬಿಟ್ಟು ಬೇರೆ ಬಂದ್ರೆ ಫ್ಲೋಗಿಯಲ್ಲೇ ವಾಪಸ್. ಅಷ್ಟೇ ಅದರ ಕೆಲಸ, ಆದ್ರೆ ಮೇಲೆ ಹೇಳಿದ ದಾರಿ ಅದರಿಂದ ಮುಚ್ಚಿಹೋಗತ್ತೆ.

ಈಗ ಕ್ರಮದ ಪ್ರಶ್ನೆ. ಪೋರ್ಟ್ ಮುಟ್ಟೋ ಮುಂಚೆ ನೀವು ಕೈ ಹಾಕಬೇಕಾಗಿರೋದು ಆ ಕಾಮನ್ ಅಡ್ಮಿನ್ ಅಕೌಂಟ್‌ಗೆ. ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿ ಇರೋನು ಝೋನ್ ಬದಲಾಯಿಸಬಹುದು, ಬೈಂಡಿಂಗ್ (ಹೆಸರನ್ನ ಪೋರ್ಟಿಗೆ ಕಟ್ಟಿದ್ದು) ತೆಗೀಬಹುದು, ಲಾಗೂ ಅಳಿಸಬಹುದು, ಹಾಗಾಗಿ ಅದನ್ನ ಸರಿ ಮಾಡದೆ ಪೋರ್ಟ್ ಲಾಕ್ ಮಾಡಿದ್ರೆ ಶ್ರಮ ವ್ಯರ್ಥ. ಒಬ್ಬೊಬ್ಬರಿಗೂ ಅವರವರ ಹೆಸರಲ್ಲೇ ಲಾಗಿನ್, ಅದೂ ಸ್ವಿಚ್ಚಲ್ಲಿ ಲೋಕಲ್ ಆಗಿ ಮಾಡೋ ಬದಲು ಟಕಾಕ್ಸ್ ಪ್ಲಸ್, ರೇಡಿಯಸ್ ಅಥವಾ ಎಲ್‌ಡ್ಯಾಪ್ ಅನ್ನೋ ಕೇಂದ್ರ ಲಾಗಿನ್ ವ್ಯವಸ್ಥೆ ಮೂಲಕ, ಆಗ ಯಾರಾದ್ರೂ ಕೆಲಸ ಬಿಟ್ಟು ಹೋದ್ರೆ ಒಂದು ಕಡೆ ಮುಚ್ಚಿದ್ರೆ ಎಲ್ಲಾ ಸ್ವಿಚ್ಚಲ್ಲೂ ಮುಚ್ಚತ್ತೆ. ಟಕಾಕ್ಸ್ ಪ್ಲಸ್ ಮತ್ತು ರೇಡಿಯಸ್ ಎರಡರಲ್ಲಿ ನಾನು ಆರಿಸೋದು ಟಕಾಕ್ಸ್ ಪ್ಲಸ್, ರೇಡಿಯಸ್ ಪ್ಯಾಕೆಟಲ್ಲಿ ಪಾಸ್‌ವರ್ಡ್ ಮಾತ್ರ ಮರೆ ಮಾಡತ್ತೆ, ಟಕಾಕ್ಸ್ ಪ್ಲಸ್ ಹೆಡರ್ ಬಿಟ್ಟು ಉಳಿದದ್ದೆಲ್ಲ ಮರೆ ಮಾಡತ್ತೆ, ಜೊತೆಗೆ ಸಿಸ್ಕೋದಲ್ಲಿ ಯಾರು ಯಾವ ಕಮಾಂಡ್ ಹೊಡೀಬಹುದು ಅನ್ನೋ ಮಟ್ಟಕ್ಕೆ ಹಿಡಿತ ಸಿಗತ್ತೆ. ಆ ಕೇಂದ್ರ ಲಾಗಿನ್ (ಎಎಎ) ಸರ್ವರ್ ಬಿದ್ದಾಗ ಒಳಗೆ ಹೋಗೋಕೆ ಒಂದೇ ಒಂದು ಲೋಕಲ್ ಅಕೌಂಟ್ ಇಟ್ಕೊಳ್ಳಿ, ಅದರ ಪಾಸ್‌ವರ್ಡ್ ವಾಲ್ಟಲ್ಲಿ ಇರಲಿ, ಅದು ಬಳಕೆಯಾದ ಕ್ಷಣ ಅಲರ್ಟ್ ಬರೋ ಹಾಗೆ ಮಾಡಿ. ಫ್ಯಾಕ್ಟರಿಯಿಂದ ಬಂದ ಅಕೌಂಟ್‌ಗಳ ಡೀಫಾಲ್ಟ್ ಪಾಸ್‌ವರ್ಡ್ ಎಲ್ಲೂ ಉಳಿದಿಲ್ಲ ಅಂತ ಒಂದೊಂದು ಸ್ವಿಚ್ಚಲ್ಲೂ ಖುದ್ದಾಗಿ ನೋಡಿ.

ರೋಲ್ ಹಂಚೋದ್ರಲ್ಲಿ ಜಿಪುಣತನ ಮಾಡಿ. ಬ್ರೊಕೇಡಲ್ಲಿ ಝೋನ್ ಅಡ್ಮಿನ್, ಸೆಕ್ಯೂರಿಟಿ ಅಡ್ಮಿನ್, ಆಪರೇಟರ್ ಅಂತ ರೆಡಿಮೇಡ್ ರೋಲ್‌ಗಳೇ ಇವೆ, ಸಿಸ್ಕೋದಲ್ಲಿ ನೆಟ್‌ವರ್ಕ್ ಅಡ್ಮಿನ್, ನೆಟ್‌ವರ್ಕ್ ಆಪರೇಟರ್ ಜೊತೆ ನಿಮ್ಮದೇ ರೋಲ್ ಮಾಡಿ ವಿಸ್ಯಾನ್‌ಗೆ (ಸ್ವಿಚ್ ಒಳಗಿನ ಬೇರ್ಪಟ್ಟ ವರ್ಚುವಲ್ ಸ್ಯಾನ್) ಸೀಮಿತ ಮಾಡಬಹುದು. ದಿನಾ ಝೋನ್ ಮಾಡೋ ವ್ಯಕ್ತಿಗೆ ಸೆಕ್ಯೂರಿಟಿ ಪಾಲಿಸಿ ತೆಗೆಯೋ ಹಕ್ಕು ಯಾಕೆ ಬೇಕು? ಬ್ಯಾಕಪ್ ಸಾಫ್ಟ್‌ವೇರ್‌ಗೋ ಮಾನಿಟರಿಂಗ್ ಟೂಲ್‌ಗೋ ಅಡ್ಮಿನ್ ಲಾಗಿನ್ ಕೊಟ್ಟು ಮರೆತಿರೋದು ತುಂಬಾ ಕಡೆ ಇರತ್ತೆ, ಅದನ್ನ ಹುಡುಕಿ ಓದೋ ಹಕ್ಕಿಗೆ ಇಳಿಸಿ.

ಟೆಲ್ನೆಟ್ ಮತ್ತು ಬರೀ ಎಚ್‌ಟಿಟಿಪಿ ಬಂದ್, ಎಸ್‌ಎಸ್‌ಎಚ್ ಮತ್ತು ಎಚ್‌ಟಿಟಿಪಿಎಸ್ ಮಾತ್ರ. ಎಸ್‌ಎನ್‌ಎಂಪಿ (ಮಾನಿಟರಿಂಗ್ ಪ್ರೋಟೋಕಾಲ್) ವರ್ಷನ್ 3ಕ್ಕೆ ಹೋಗಿ, ಹಳೆ ವರ್ಷನ್‌ಗಳಲ್ಲಿ ಕಮ್ಯುನಿಟಿ ಸ್ಟ್ರಿಂಗ್ (ಅದರ ಪಾಸ್‌ವರ್ಡ್ ಇದ್ದ ಹಾಗೆ) ಬಿಚ್ಚಿಟ್ಟ ಪಠ್ಯದಲ್ಲೇ ಓಡಾಡತ್ತೆ. ಮ್ಯಾನೇಜ್‌ಮೆಂಟ್ ಪೋರ್ಟ್‌ಗಳು ಬೇರೆ ವಿಲ್ಯಾನಲ್ಲಿ (ನೆಟ್‌ವರ್ಕಿನ ಪ್ರತ್ಯೇಕ ಭಾಗದಲ್ಲಿ) ಇರಲಿ, ಸ್ವಿಚ್ಚಿನ ಐಪಿ ಫಿಲ್ಟರಲ್ಲಿ ಜಂಪ್ ಸರ್ವರ್ (ಅಡ್ಮಿನ್‌ಗಳು ಮೊದಲು ಲಾಗಿನ್ ಆಗೋ ಸರ್ವರ್) ಮತ್ತು ಮಾನಿಟರಿಂಗ್ ಸರ್ವರ್‌ಗಳ ಐಪಿ ಬಿಟ್ಟು ಉಳಿದದ್ದು ನಿರಾಕರಿಸಿ. ಬ್ರೊಕೇಡಲ್ಲಿ ಇರೋ ಡೀಫಾಲ್ಟ್ ಐಪಿ ಫಿಲ್ಟರ್ ಪಾಲಿಸಿಯನ್ನ ನೇರ ತಿದ್ದೋಕೆ ಆಗಲ್ಲ, ಕ್ಲೋನ್ ಮಾಡಿ ರೂಲ್ ಸೇರಿಸಿ ಆಕ್ಟಿವೇಟ್ ಮಾಡಬೇಕು, ಆಗ ಇನ್ನೊಂದು ಸೆಷನ್ ತೆರೆದೇ ಇಟ್ಕೊಂಡು ಸೀರಿಯಲ್ ಕನ್ಸೋಲ್ ಕೂಡ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ, ಒಂದು ರೂಲ್ ಹೆಚ್ಚುಕಮ್ಮಿ ಆದ್ರೆ ನೀವೇ ಹೊರಗೆ. ಕಾನ್ಫಿಗ್ ಬ್ಯಾಕಪ್ ಎಫ್‌ಟಿಪಿಯಲ್ಲಿ ಹೋಗ್ತಿದ್ರೆ ಎಸ್‌ಸಿಪಿ ಅಥವಾ ಎಸ್‌ಎಫ್‌ಟಿಪಿಗೆ ಬದಲಾಯಿಸಿ, ಆ ಫೈಲಲ್ಲಿ ನಿಮ್ಮ ಫ್ಯಾಬ್ರಿಕ್‌ನ ನಕ್ಷೆ ಪೂರ್ತಿ ಇರತ್ತೆ.

ಇಷ್ಟಾದ ಮೇಲೆ ಪೋರ್ಟ್. ಮೊದಲು ಖಾಲಿ ಪೋರ್ಟ್‌ಗಳು, ಯಾಕಂದ್ರೆ ಇದರಲ್ಲಿ ರಿಸ್ಕ್ ಇಲ್ಲ, ಲಾಭ ಜಾಸ್ತಿ. ಬ್ರೊಕೇಡಲ್ಲಿ ಸಾಮಾನ್ಯ ಪೋರ್ಟ್ ಡಿಸೇಬಲ್ ಕಮಾಂಡ್ ಹೊಡೆದ್ರೆ ರೀಬೂಟ್ ಆದ್ಮೇಲೆ ಪೋರ್ಟ್ ಮತ್ತೆ ಎದ್ದು ಕೂರತ್ತೆ, ಪರ್ಸಿಸ್ಟೆಂಟ್ ಡಿಸೇಬಲ್ ಅಂತ ಬೇರೆ ಕಮಾಂಡ್ ಇದೆ, ಅದನ್ನ ಬಳಸಿ. ಸಿಸ್ಕೋದಲ್ಲಿ ಶಟ್‌ಡೌನ್ ಮಾಡಿ ಕಾನ್ಫಿಗ್ ಅನ್ನ ಸ್ಟಾರ್ಟಪ್‌ಗೆ ಸೇವ್ ಮಾಡಿ, ಜೊತೆಗೆ ಖಾಲಿ ಪೋರ್ಟ್‌ಗಳನ್ನ ಡೀಫಾಲ್ಟ್ ವಿಸ್ಯಾನ್ 1ರಲ್ಲಿ ಬಿಡದೆ ಯಾರೂ ಬಳಸದ ಒಂದು ವಿಸ್ಯಾನ್‌ಗೆ ಹಾಕಿ, ಮುಂದೆ ಯಾರಾದ್ರೂ ತಪ್ಪಿ ಎನೇಬಲ್ ಮಾಡಿದ್ರೂ ಅಲ್ಲಿ ಮಾತಾಡೋಕೆ ಯಾರೂ ಇರಲ್ಲ.

ಆಮೇಲೆ ಸರ್ವರ್ ಮತ್ತು ಸ್ಟೋರೇಜ್ ಪೋರ್ಟ್‌ಗಳು ಇ ಪೋರ್ಟ್ (ಇನ್ನೊಂದು ಸ್ವಿಚ್ ಜೋಡಿಸೋ ಪೋರ್ಟ್) ಆಗೋ ಅವಕಾಶ ತೆಗೆದುಹಾಕಿ. ಪೋರ್ಟ್ ಆಟೋ ಮೋಡಲ್ಲಿದ್ರೆ ಅಲ್ಲಿಗೆ ಸರ್ವರ್ ಬದಲು ಒಂದು ಸ್ವಿಚ್ ಚುಚ್ಚಿದ್ರೆ ಅದು ಐಎಸ್ಎಲ್ (ಸ್ವಿಚ್ ಸ್ವಿಚ್ ನಡುವಿನ ಲಿಂಕ್) ಆಗಿ ಫ್ಯಾಬ್ರಿಕ್‌ಗೆ ಸೇರ್ಕೊಳ್ಳತ್ತೆ. ಕೆಟ್ಟ ಉದ್ದೇಶವೇ ಬೇಕಿಲ್ಲ, ಲ್ಯಾಬಿಂದ ಬಂದ ಹಳೆ ಸ್ವಿಚ್ ಒಂದನ್ನ ಯಾರೋ ಅವಸರದಲ್ಲಿ ಜೋಡಿಸಿದ್ರೂ ಅದರಲ್ಲಿದ್ದ ಝೋನ್‌ಗಳು ನಿಮ್ಮ ಡೇಟಾಬೇಸ್ ಜೊತೆ ಮರ್ಜ್ ಆಗಬಹುದು, ಇಲ್ಲ ಡೊಮೇನ್ ಐಡಿ (ಫ್ಯಾಬ್ರಿಕ್ ಒಳಗೆ ಸ್ವಿಚ್ಚಿನ ನಂಬರ್) ಡಿಕ್ಕಿ ಹೊಡೆದು ಸೆಗ್ಮೆಂಟ್ ಆಗಬಹುದು, ಅಂದ್ರೆ ಬೇರ್ಪಡಬಹುದು. ಸಿಸ್ಕೋದಲ್ಲಿ ಇಂಟರ್‌ಫೇಸ್ ಮೋಡ್ ಎಫ್ (ಡಿವೈಸ್ ಜೋಡಿಸೋ ಪೋರ್ಟ್) ಅಂತ ಫಿಕ್ಸ್ ಮಾಡಿದ್ರೆ ಆಯ್ತು, ಬ್ರೊಕೇಡಲ್ಲಿ ಪೋರ್ಟ್‌ವಾರು ಇ ಪೋರ್ಟ್ ಲಾಕ್ ಮಾಡೋ ಸೆಟ್ಟಿಂಗ್ ಇದೆ. ಸಿಸ್ಕೋ ಐಎಸ್ಎಲ್‌ಗಳ ಮೇಲೆ ಆರ್‌ಸಿಎಫ್ (ಫ್ಯಾಬ್ರಿಕ್ ಮರುಜೋಡಿಸು ಅನ್ನೋ ಸಂದೇಶ) ತಿರಸ್ಕರಿಸೋ ಆಯ್ಕೆನೂ ಆನ್ ಮಾಡಿ, ಪಕ್ಕದ ಸ್ವಿಚ್ಚಿನ ಗೊಂದಲಕ್ಕೆ ನಿಮ್ಮ ಫ್ಯಾಬ್ರಿಕ್ ಪೂರ್ತಿ ಮರುಜೋಡಣೆ ಆಗೋದು ಬೇಡ.

ಮೂರನೇದು ಸ್ವಿಚ್ ಬೈಂಡಿಂಗ್. ಫ್ಯಾಬ್ರಿಕ್‌ಗೆ ಯಾವ ಸ್ವಿಚ್‌ಗಳು ಸೇರಬಹುದು ಅನ್ನೋ ಪಟ್ಟಿ. ಬ್ರೊಕೇಡಲ್ಲಿ ಇದನ್ನ ಎಸ್‌ಸಿಸಿ ಪಾಲಿಸಿ ಅಂತಾರೆ, ಸಿಸ್ಕೋದಲ್ಲಿ ಫ್ಯಾಬ್ರಿಕ್ ಬೈಂಡಿಂಗ್. ಸ್ವಿಚ್‌ಗಳ ಸಂಖ್ಯೆ ಕಡಿಮೆ, ಅಪರೂಪಕ್ಕೆ ಬದಲಾಗೋದು, ಹಾಗಾಗಿ ಡಿವೈಸ್ ಬೈಂಡಿಂಗ್‌ಗಿಂತ ಮೊದಲು ಇದನ್ನ ಮಾಡೋದು ಸುಲಭ. ಮೇನ್‌ಫ್ರೇಮಿನ ಫೈಕಾನ್ ಕ್ಯಾಸ್ಕೇಡಿಂಗಲ್ಲಿ (ಮೇನ್‌ಫ್ರೇಮಿನ ಸ್ಟೋರೇಜ್ ದಾರಿ ಒಂದಕ್ಕಿಂತ ಹೆಚ್ಚು ಸ್ವಿಚ್ ದಾಟೋದು) ಇದು ಕಡ್ಡಾಯ, ಅಲ್ಲಿ ಪಟ್ಟಿಯಲ್ಲಿಲ್ಲದ ಸ್ವಿಚ್ ಸೇರೋ ಮಾತೇ ಇಲ್ಲ, ಓಪನ್ ಸಿಸ್ಟಮ್ಸ್‌ನವರು (ಮೇನ್‌ಫ್ರೇಮ್ ಅಲ್ಲದವರು) ಆ ಶಿಸ್ತನ್ನ ಯಾಕೆ ಬಿಟ್ಟುಕೊಟ್ಟರೋ ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಒಂದು ಎಚ್ಚರಿಕೆ, ಬ್ರೊಕೇಡಲ್ಲಿ ಎಸ್‌ಸಿಸಿ ಪಾಲಿಸಿ ಇಲ್ಲವೇ ಇಲ್ಲ ಅಂದ್ರೆ ಯಾರು ಬೇಕಾದ್ರೂ ಸೇರಬಹುದು, ಪಾಲಿಸಿ ಇದ್ದು ಅದು ಖಾಲಿ ಇದ್ರೆ ಯಾರೂ ಸೇರೋ ಹಾಗಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ತಿಳೀದೆ ಖಾಲಿ ಪಾಲಿಸಿ ಆಕ್ಟಿವೇಟ್ ಮಾಡಬೇಡಿ.

ಈಗ ಅಸಲಿ ವಿಷಯ, ಡಿವೈಸನ್ನ ಪೋರ್ಟಿಗೆ ಕಟ್ಟೋದು. ಇಲ್ಲಿ ಬ್ರೊಕೇಡ್ ಮತ್ತು ಸಿಸ್ಕೋ ಎರಡರ ಗುಣ ಬೇರೆ ಬೇರೆ. ನಿಮ್ಮಲ್ಲಿ ಎರಡೂ ಇರೋದ್ರಿಂದ ಒಂದರ ಅಭ್ಯಾಸವನ್ನ ಇನ್ನೊಂದಕ್ಕೆ ತಗೊಂಡು ಹೋದ್ರೆ ಕಷ್ಟ.

ಬ್ರೊಕೇಡಲ್ಲಿ ಡಿಸಿಸಿ ಪಾಲಿಸಿ ಅಂತ ಇದೆ. ಪಾಲಿಸಿಯಲ್ಲಿ ಹೆಸರಿರೋ ಡಿವೈಸ್, ಅದೇ ಪಾಲಿಸಿಯಲ್ಲಿ ಬರೆದ ಪೋರ್ಟಲ್ಲಿ ಮಾತ್ರ ಬರಬಹುದು. ಪಾಲಿಸಿಯಲ್ಲಿ ಬರೆದ ಪೋರ್ಟ್, ಅದೇ ಪಾಲಿಸಿಯ ಡಿವೈಸ್‌ಗಳನ್ನ ಮಾತ್ರ ಒಳಗೆ ಬಿಡತ್ತೆ. ಇಲ್ಲಿಗೆ ಚೆನ್ನಾಗಿದೆ. ಆದ್ರೆ ಯಾವ ಪಾಲಿಸಿಯಲ್ಲೂ ಇಲ್ಲದ ಡಿವೈಸ್, ಯಾವ ಪಾಲಿಸಿಯಲ್ಲೂ ಇಲ್ಲದ ಪೋರ್ಟಿಗೆ ಬಂದ್ರೆ ಆರಾಮಾಗಿ ಒಳಗೆ ಹೋಗತ್ತೆ. ಅಂದ್ರೆ ನೀವು ಮುಖ್ಯವಾದ 20 ಸರ್ವರ್‌ಗೆ ಮಾತ್ರ ಡಿಸಿಸಿ ಬರೆದ್ರೆ ಆ 20ರ ಹೆಸರು ಬೇರೆ ಕಡೆ ಬಳಸೋದು ನಿಲ್ಲತ್ತೆ, ಉಳಿದ ಪೋರ್ಟ್‌ಗಳು ಮೊದಲಿನ ಹಾಗೇ ತೆಗೆದೇ ಇರತ್ತೆ. ಎಲ್ಲಾ ಪೋರ್ಟೂ ಯಾವುದಾದ್ರೂ ಒಂದು ಪಾಲಿಸಿಗೆ ಸೇರಬೇಕು, ಖಾಲಿ ಪೋರ್ಟ್‌ಗೂ ಯಾರಿಗೂ ಪ್ರವೇಶ ಇಲ್ಲ ಅನ್ನೋ ಪಾಲಿಸಿ ಬೇಕು. ಇನ್ನೊಂದು, ಪಾಲಿಸಿ ಸೇವ್ ಮಾಡೋದು ಬೇರೆ, ಆಕ್ಟಿವೇಟ್ ಮಾಡೋದು ಬೇರೆ, ಸೇವ್ ಮಾಡಿ ಮುಗೀತು ಅಂದ್ಕೊಂಡು ಎದ್ದು ಹೋದ್ರೆ ಏನೂ ಜಾರಿಗೆ ಬಂದಿರಲ್ಲ. ಪೋರ್ಟನ್ನ ಡೊಮೇನ್ ಐಡಿ ಜೊತೆ ಗುರುತಿಸಿದ್ರೆ ಡೊಮೇನ್ ಐಡಿ ಬದಲಾಗದ ಹಾಗೆ ಇನ್‌ಸಿಸ್ಟೆಂಟ್ ಮಾಡಿಟ್ಟುಕೊಳ್ಳಿ.

ಸಿಸ್ಕೋದಲ್ಲಿ ಪೋರ್ಟ್ ಸೆಕ್ಯೂರಿಟಿ ವಿಸ್ಯಾನ್‌ವಾರು ನಡೆಯತ್ತೆ, ಮತ್ತೆ ಅದರ ನಿಲುವು ಉಲ್ಟಾ, ಆಕ್ಟಿವ್ ಆಗಿ ಆಟೋ ಲರ್ನ್ ಆಫ್ ಇದ್ರೆ ಪಟ್ಟಿಯಲ್ಲಿ ಇಲ್ಲದವರಿಗೆಲ್ಲ ಬಾಗಿಲು ಮುಚ್ಚಿದೆ ಅಂತ ಅರ್ಥ. ಆಕ್ಟಿವೇಟ್ ಮಾಡಿದ ಕೂಡ್ಲೇ ಆಟೋ ಲರ್ನ್ ತಾನಾಗೇ ಆನ್ ಆಗತ್ತೆ, ಈಗ ಲಾಗಿನ್ ಆಗಿರೋರನ್ನೆಲ್ಲ ಅವರವರ ಪೋರ್ಟ್ ಜೊತೆ ಕಲಿತ್ಕೊಳ್ಳತ್ತೆ, ಒಂದೊಂದೇ ಟೈಪ್ ಮಾಡೋ ಕಷ್ಟ ಇಲ್ಲ. ಇಲ್ಲಿ ಎರಡು ಹೆಜ್ಜೆ ಜನ ಮರೀತಾರೆ. ಒಂದು, ಆಟೋ ಲರ್ನ್ ಆಫ್ ಮಾಡೋದು. ಅದು ಆನ್ ಇರೋ ತನಕ ಬಂಧನ ಇಲ್ಲದ ಪೋರ್ಟಿಗೆ ಹೊಸದಾಗಿ ಬಂದವರನ್ನೂ ಕಲಿತ್ಕೊಂಡು ಒಳಗೆ ಬಿಡತ್ತೆ, ಶೋ ಕಮಾಂಡಲ್ಲಿ ಮಾತ್ರ ಪೋರ್ಟ್ ಸೆಕ್ಯೂರಿಟಿ ಆಕ್ಟಿವ್ ಅಂತ ಕಾಣತ್ತೆ. ಎರಡು, ಕಲಿತದ್ದು ಆಕ್ಟಿವ್ ಡೇಟಾಬೇಸಲ್ಲಿ ಮಾತ್ರ ಇರತ್ತೆ, ಅದನ್ನ ಕಾನ್ಫಿಗ್ ಡೇಟಾಬೇಸಿಗೆ ಕಾಪಿ ಮಾಡಬೇಕು, ಇಲ್ಲಾಂದ್ರೆ ಮುಂದೆ ಕೈಯಿಂದ ಒಂದು ಎಂಟ್ರಿ ಸೇರಿಸಿ ಮತ್ತೆ ಆಕ್ಟಿವೇಟ್ ಮಾಡೋಕೆ ಹೋದಾಗ ಎರಡೂ ಡೇಟಾಬೇಸ್ ತಾಳೆ ಆಗಲ್ಲ. ಲಾಗಿನ್ ಆಗಿರೋ ಡಿವೈಸ್ ಜೊತೆ ತಾಳೆ ಆಗದಿದ್ರೆ ಸ್ವಿಚ್ ಆಕ್ಟಿವೇಷನ್ನನ್ನ ತಿರಸ್ಕರಿಸತ್ತೆ, ಆಗ ಫೋರ್ಸ್ ಅನ್ನೋ ಆಯ್ಕೆ ಕಣ್ಣಿಗೆ ಬೀಳತ್ತೆ. ಅದನ್ನ ಹೊಡೀಬೇಡಿ. ಫೋರ್ಸ್ ಅಂದ್ರೆ ತಾಳೆ ಆಗದವರನ್ನ ಲಾಗೌಟ್ ಮಾಡಿಸು ಅಂತ, ಹಗಲು ಹೊತ್ತಲ್ಲಿ ಪ್ರೊಡಕ್ಷನ್ ಪಾತ್ ಬೀಳತ್ತೆ. ಯಾಕೆ ತಾಳೆ ಆಗ್ತಿಲ್ಲ ಅಂತ ಡಿಫ್ ನೋಡಿ ಸರಿ ಮಾಡಿ.

ಕಲಿಯೋ ವಿಧಾನಕ್ಕೆ ಒಂದು ಕುರುಡು ಜಾಗ ಇದೆ, ಆ ಹೊತ್ತಿಗೆ ಲಾಗಿನ್ ಆಗಿರದೇ ಇರೋರು ಪಟ್ಟಿಗೆ ಬರಲ್ಲ. ಆಫ್ ಆಗಿರೋ ಡಿಆರ್ (ಅನಾಹುತಕ್ಕೆ ಮೀಸಲಿಟ್ಟ) ಸರ್ವರ್, ತಿಂಗಳಿಗೊಮ್ಮೆ ಎಬ್ಬಿಸೋ ಟೇಪ್ ಡ್ರೈವ್, ಅರೇಯ ಸ್ಟ್ಯಾಂಡ್‌ಬೈ ಪೋರ್ಟ್, ಇವೆಲ್ಲ ಹೊರಗೇ ಉಳೀತಾರೆ. ಇದರಲ್ಲಿ ತುಂಬಾ ಕಾಡೋದು ವರ್ಚುವಲ್ ಮಶೀನ್ (ವಿಎಂ) ಮೈಗ್ರೇಷನ್. ಐಬಿಎಂ ಪವರಲ್ಲಿ ಪ್ರತಿ ವರ್ಚುವಲ್ ಫೈಬರ್ ಚಾನೆಲ್ ಅಡಾಪ್ಟರ್‌ಗೂ ಎರಡು ಡಬ್ಲ್ಯೂಡಬ್ಲ್ಯೂಪಿಎನ್ ಇರತ್ತೆ, ಒಂದು ಸಮಯಕ್ಕೆ ಒಂದೇ ಬಳಕೆಯಲ್ಲಿ, ಇನ್ನೊಂದು ಲೈವ್ ಪಾರ್ಟಿಷನ್ ಮೊಬಿಲಿಟಿ (ಓಡ್ತಿರೋವಾಗಲೇ ಬೇರೆ ಸರ್ವರ್‌ಗೆ ಸಾಗಿಸೋದು) ಮಾಡೋವಾಗ ಎದುರು ಕಡೆಯ ಸರ್ವರಿಂದ ಲಾಗಿನ್ ಆಗತ್ತೆ. ಹೈಪರ್ ವಿಯಲ್ಲೂ ವರ್ಚುವಲ್ ಫೈಬರ್ ಚಾನೆಲ್‌ಗೆ ಎ ಸೆಟ್, ಬಿ ಸೆಟ್ ಅಂತ ಎರಡು ಅಡ್ರೆಸ್ ಇರತ್ತೆ, ಮೈಗ್ರೇಷನ್ ಆದಾಗೆಲ್ಲ ಅದಲು ಬದಲು. ಆಟೋ ಲರ್ನ್‌ಗೆ ಕಾಣೋದು ಆ ಹೊತ್ತಿನ ಒಂದು ಹೆಸರು ಮಾತ್ರ. ಹಾಗಾಗಿ ಈ ಹೋಸ್ಟ್‌ಗಳಿಗೆ ಎರಡೂ ಹೆಸರನ್ನ, ಆ ವಿಎಂ ಹೋಗಬಹುದಾದ ಎಲ್ಲಾ ಹೋಸ್ಟ್‌ಗಳ ಪೋರ್ಟಿಗೂ ಕೈಯಿಂದ ಸೇರಿಸಿ. ಹೀಗೆ ಮಾಡಿದಾಗ ಬಂಧನ ಸ್ವಲ್ಪ ಸಡಿಲ ಆಗತ್ತೆ ನಿಜ, ಕ್ಲಸ್ಟರ್ ಒಳಗಿನ ಯಾವ ಪೋರ್ಟಿಂದಾದ್ರೂ ಆ ಹೆಸರು ಬರಬಹುದು, ಆದ್ರೂ ಫ್ಯಾಬ್ರಿಕ್‌ನ ಬೇರೆ ಯಾವ ಮೂಲೆಯಿಂದಲೂ ಬರೋ ಹಾಗಿಲ್ಲ. ಬ್ಲೇಡ್ ಚಾಸಿಸ್ ಮುಂದೆ ಎನ್‌ಪಿವಿ ಅಥವಾ ಆಕ್ಸೆಸ್ ಗೇಟ್‌ವೇ (ಹಲವು ಸರ್ವರ್‌ಗಳ ಲಾಗಿನ್ನನ್ನ ಒಂದೇ ಲಿಂಕಲ್ಲಿ ದಾಟಿಸೋ ಸ್ವಿಚ್ ಮೋಡ್) ಇದ್ರೂ ಇದೇ ಕಥೆ, ಒಂದು ಅಪ್‌ಲಿಂಕ್ ಹಿಂದೆ ಹತ್ತಾರು ಹೆಸರು, ಅಪ್‌ಲಿಂಕ್ ಬಿದ್ದಾಗ ಅವೆಲ್ಲ ಪಕ್ಕದ ಅಪ್‌ಲಿಂಕಿಗೆ ಹಾರತ್ತೆ, ಅಲ್ಲೂ ಪಟ್ಟಿಯಲ್ಲಿ ಇರಬೇಕು.

ಜಾರಿಗೆ ತರೋವಾಗ ಎ ಫ್ಯಾಬ್ರಿಕ್ ಮಾತ್ರ ಮುಟ್ಟಿ. ಅದಕ್ಕೂ ಮುಂಚೆ ಎಲ್ಲಾ ಹೋಸ್ಟಲ್ಲೂ ಮಲ್ಟಿಪಾತ್ (ಎ, ಬಿ ಎರಡೂ ದಾರಿ ಬಳಸೋ ವ್ಯವಸ್ಥೆ) ಎರಡೂ ಕಡೆ ಜೀವಂತ ಇದೆ ಅಂತ ನೋಡಿಕೊಳ್ಳಿ, ಬಿ ಕಡೆ ಪಾತ್ ಯಾವತ್ತೋ ಸತ್ತಿರೋ ಒಂದೆರಡು ಸರ್ವರ್ ಸಿಕ್ಕೇ ಸಿಗತ್ತೆ, ಅವನ್ನ ಮೊದಲು ಸರಿ ಮಾಡಿ. ಎ ಕಡೆ ಆನ್ ಮಾಡಿದ ಮೇಲೆ ಒಂದು ತಿಂಗಳ ಕೊನೆಯ ಬ್ಯಾಚ್, ಒಂದು ಡಿಆರ್ ಡ್ರಿಲ್, ಒಂದೆರಡು ವಿಎಂ ಮೈಗ್ರೇಷನ್ ದಾಟೋ ತನಕ ಬಿಡಿ. ಬಿ ಆಮೇಲೆ. ಒಂದೇ ರಾತ್ರಿ ಎರಡೂ ಮಾಡೋಣ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ.

ಇನ್ನು ನಿಮ್ಮ ಎಚ್‌ಬಿಎ ಕಥೆ. ಹೊಸ ಕಾರ್ಡ್, ಹೊಸ ಡಬ್ಲ್ಯೂಡಬ್ಲ್ಯೂಪಿಎನ್, ಸ್ವಿಚ್ ಒಳಗೆ ಬಿಡಲಿಲ್ಲ, ಅಂದ್ರೆ ಅದು ತನ್ನ ಕೆಲಸ ಸರಿಯಾಗೇ ಮಾಡಿದೆ. ಬ್ರೊಕೇಡಲ್ಲಾದ್ರೆ ಪೋರ್ಟ್ ಸೆಕ್ಯೂರಿಟಿ ವಯೊಲೇಷನ್ ಅಂತ ಡಿಸೇಬಲ್ ಆಗಿರತ್ತೆ, ಪಟ್ಟಿ ತಿದ್ದಿದ ಮೇಲೆ ಪೋರ್ಟನ್ನೂ ಎನೇಬಲ್ ಮಾಡಬೇಕು, ಸಿಸ್ಕೋದಲ್ಲಿ ವಯೊಲೇಷನ್ ಪಟ್ಟಿ ನೋಡಿ ಎಂಟ್ರಿ ಸೇರಿಸಿ ಇಂಟರ್‌ಫೇಸ್ ಶಟ್ ಮಾಡಿ ಮತ್ತೆ ಎಬ್ಬಿಸಬೇಕು. ರಾತ್ರಿ ಎರಡು ಗಂಟೆಗೆ ಇದು ಗೊತ್ತಿಲ್ಲದೋರಿಗೆ ಕೇಬಲ್ ಕೆಟ್ಟಿದೆ, ಎಸ್‌ಎಫ್‌ಪಿ (ಪೋರ್ಟಿನ ಆಪ್ಟಿಕಲ್ ಮಾಡ್ಯೂಲ್) ಕೆಟ್ಟಿದೆ ಅಂತಲೇ ಅನ್ಸೋದು. ಎಚ್‌ಬಿಎ ಬದಲಾದ್ರೆ ಝೋನ್, ಲನ್ ಮಾಸ್ಕಿಂಗ್ ಹೇಗೂ ಬದಲಾಯಿಸಲೇಬೇಕು ಅಲ್ವಾ, ಆ ಚೇಂಜ್ ಟಿಕೆಟಲ್ಲೇ ಮೂರನೇ ಸಾಲಾಗಿ ಪೋರ್ಟ್ ಬೈಂಡಿಂಗ್ ಸೇರಿಸಿ. ಹೊಸ ಕಾರ್ಡಿನ ಡಬ್ಲ್ಯೂಡಬ್ಲ್ಯೂಪಿಎನ್ ಸಾಮಾನ್ಯವಾಗಿ ಕಾರ್ಡ್ ಮೇಲಿನ ಲೇಬಲಲ್ಲೇ ಇರತ್ತೆ, ಹಾರ್ಡ್‌ವೇರ್ ಎಂಜಿನಿಯರ್ ಸರ್ವರ್ ತೆರೆಯೋ ಮುಂಚೆ ಅದರ ಫೋಟೋ ಕಳಿಸಲಿ. ಹಳೆ ಹೆಸರನ್ನ ಝೋನ್, ಮಾಸ್ಕಿಂಗ್, ಬೈಂಡಿಂಗ್ ಮೂರರಿಂದಲೂ ಅದೇ ಟಿಕೆಟಲ್ಲಿ ತೆಗೆಸಿ. ಸ್ಕ್ರ್ಯಾಪಿಗೆ ಹೋದ ಕಾರ್ಡಿನ ಹೆಸರು ಲನ್ ಮಾಸ್ಕಿಂಗಲ್ಲಿ ಉಳಿದಿದ್ರೆ ಆ ಲನ್‌ಗೆ ಯಾರ ಕೈಲೋ ಒಂದು ಕೀಲಿ ಉಳಿದ ಹಾಗೇ.

ಪೋರ್ಟ್ ಬೈಂಡಿಂಗ್ ತಡೆಯದ ಒಂದು ದಾಳಿ ಇದೆ, ಅಸಲಿ ಸರ್ವರ್‌ನ ಕೇಬಲ್ಲನ್ನೇ ಕಿತ್ತು ಅದೇ ಪೋರ್ಟಿಗೆ ಅದೇ ಹೆಸರು ಹಾಕಿಕೊಂಡ ಬೇರೆ ಮಶೀನ್ ಚುಚ್ಚೋದು. ಇದಕ್ಕೆ ಔಷಧ ಎಫ್‌ಸಿ ಎಸ್‌ಪಿ (ಫೈಬರ್ ಚಾನೆಲ್ ಭದ್ರತೆಯ) ಸ್ಟ್ಯಾಂಡರ್ಡಲ್ಲಿರೋ ಡಿಎಚ್ ಚಾಪ್, ಎರಡು ಕಡೆಯವರೂ ಒಂದು ಸೀಕ್ರೆಟ್ ಗೊತ್ತಿದೆ ಅಂತ ಅದನ್ನ ತಂತಿ ಮೇಲೆ ಕಳಿಸದೇ ಸಾಬೀತು ಮಾಡೋದು. 2007ರಲ್ಲಿ ಸ್ಟ್ಯಾಂಡರ್ಡ್ ಆಗಿ, 2012ರಲ್ಲಿ ಎರಡನೇ ಆವೃತ್ತಿ ಬಂದ್ರೂ ಸರ್ವರ್ ಕಡೆ ಇದರ ಬಳಕೆ ಕಡಿಮೆ, ಎಚ್‌ಬಿಎ ಡ್ರೈವರ್ ಬೆಂಬಲ ಬೇಕು, ಸೀಕ್ರೆಟ್‌ಗಳ ನಿರ್ವಹಣೆ ದೊಡ್ಡ ತಲೆನೋವು. ನನ್ನ ಸಲಹೆ, ಸ್ವಿಚ್ ಟು ಸ್ವಿಚ್ ಲಿಂಕ್‌ಗಳಿಗೆ, ಅದರಲ್ಲೂ ನಿಮ್ಮ ಎರಡು ಸೈಟಲ್ಲಿ ಬಿಲ್ಡಿಂಗ್ ಹೊರಗೆ ಹೋಗೋ ಐಎಸ್ಎಲ್ ಇದ್ರೆ ಅದಕ್ಕೆ ಮಾಡಿ, ಎರಡು ಕಡೆಗೂ ಬೇರೆ ಬೇರೆ ಸೀಕ್ರೆಟ್ ಕೊಡಿ, ಹಾರ್ಡ್‌ವೇರ್ ಬೆಂಬಲ ಇದ್ರೆ ಲಿಂಕ್ ಎನ್ಕ್ರಿಪ್ಷನ್ ಕೂಡ. ಸರ್ವರ್‌ಗಳಿಗೆ ರ‍್ಯಾಕ್ ಬೀಗ ಮತ್ತು ಕ್ಯಾಮೆರಾ ಸದ್ಯಕ್ಕೆ ಸಾಕು. ಪೋರ್ಟ್ ಡೌನ್ ಆಗಿ ಮೇಲೇಳೋದು ಲಾಗಲ್ಲಿ ಬಂದೇ ಬರತ್ತೆ, ಟಿಕೆಟ್ ಇಲ್ಲದೆ ಲಿಂಕ್ ಬಿದ್ದೆದ್ದಿದ್ರೆ ಯಾರಾದ್ರೂ ಕೇಳಬೇಕು.

ಆ ಲಾಗ್‌ಗಳನ್ನ ಸ್ವಿಚ್ಚಲ್ಲೇ ಬಿಡದೆ ಹೊರಗಿನ ಸಿಸ್‌ಲಾಗ್ ಸರ್ವರ್‌ಗೆ ಕಳಿಸಿ, ಎಲ್ಲಾ ಸ್ವಿಚ್ಚಿಗೂ ಎನ್‌ಟಿಪಿ (ಗಡಿಯಾರ ಹೊಂದಿಸೋ ಪ್ರೋಟೋಕಾಲ್) ಹಾಕಿ, ಗಡಿಯಾರ ಬೇರೆ ಬೇರೆ ಓಡ್ತಿದ್ರೆ ಎ ಮತ್ತು ಬಿ ಕಡೆಯ ಘಟನೆ ಜೋಡಿಸೋಕೆ ಆಗಲ್ಲ. ಬ್ರೊಕೇಡಲ್ಲಿ ಮ್ಯಾಪ್ಸ್ (ಅದರ ಮಾನಿಟರಿಂಗ್ ಟೂಲ್) ಒಳಗೆ ಡಿಸಿಸಿ ವಯೊಲೇಷನ್, ಎಸ್‌ಸಿಸಿ ವಯೊಲೇಷನ್, ತಪ್ಪು ಲಾಗಿನ್ ಇವಕ್ಕೆಲ್ಲ ರೂಲ್ ಇಡಬಹುದು, ಆಡಿಟ್ ಲಾಗಲ್ಲಿ ಝೋನ್, ಸೆಕ್ಯೂರಿಟಿ, ಕಾನ್ಫಿಗರೇಷನ್ ವರ್ಗಗಳನ್ನ ಆನ್ ಮಾಡಿ. ಸಿಸ್ಕೋದಲ್ಲಿ ಅಕೌಂಟಿಂಗ್ ಲಾಗ್ ಯಾರು ಯಾವ ಕಮಾಂಡ್ ಹೊಡೆದ್ರು ಅಂತ ಹೇಳತ್ತೆ, ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಬೇಕು ಅಂದದ್ದು. ಇದೇ ಹೊತ್ತಲ್ಲಿ ಡೀಫಾಲ್ಟ್ ಝೋನ್ ಕೂಡ ನೋಡಿಬಿಡಿ, ಝೋನ್ ಕಾನ್ಫಿಗ್ ಯಾರಾದ್ರೂ ಡಿಸೇಬಲ್ ಮಾಡಿದ ದಿನ ಡೀಫಾಲ್ಟ್ ಆಲ್ ಆಕ್ಸೆಸ್ ಅಂತಿದ್ರೆ ಎಲ್ಲರಿಗೂ ಎಲ್ಲರೂ ಕಾಣ್ತಾರೆ. ನೋ ಆಕ್ಸೆಸ್ ಇರಬೇಕು.

ಆಡಿಟ್‌ನವರಿಗೆ ಉತ್ತರ ಬರೆಯೋವಾಗ ಫೀಚರ್ ಆನ್ ಇದೆ ಅನ್ನೋ ಸ್ಕ್ರೀನ್‌ಶಾಟ್ ಒಂದನ್ನೇ ಕೊಡಬೇಡಿ. ಒಂದು ಟೆಸ್ಟ್ ಎಚ್‌ಬಿಎ ತಗೊಂಡು, ಮೆಂಟೆನೆನ್ಸ್ ಸಮಯದಲ್ಲಿ, ಪಟ್ಟಿಯಲ್ಲಿಲ್ಲದ ಹೆಸರಲ್ಲಿ ಒಂದು ಬಂಧಿತ ಪೋರ್ಟಿಗೆ ಚುಚ್ಚಿ, ಸ್ವಿಚ್ ತಿರಸ್ಕರಿಸಿದ ಲಾಗ್, ಅಲರ್ಟ್ ಬಂದ ಸಮಯ, ಯಾರು ಅದನ್ನ ನೋಡಿ ಏನು ಮಾಡಿದ್ರು ಅನ್ನೋ ಟಿಕೆಟ್, ಈ ಮೂರನ್ನೂ ಕೊಡಿ, ಎ ಮತ್ತು ಬಿ ಎರಡು ಫ್ಯಾಬ್ರಿಕ್‌ಗೂ, ಎರಡು ಸೈಟಿಗೂ ಬೇರೆ ಬೇರೆಯಾಗಿ.